ಪುಟ್ಟಿಯ ಐವತ್ತೊಂದು ಲಕ್ಷ ಹೆಜ್ಜೆ

ನಮ್ಮ ಮನೆಯಲ್ಲಿ ಅತಿ ಹೆಚ್ಚು ನಡೆಯುವವನು ನಾನೇ ಎಂದುಕೊಂಡಿದ್ದೆ. ಡೈರಿಗೆ ದಿನಕ್ಕೆ ಎರಡು ಸಲ ಹಾಲು ಹೊರುತ್ತೇನೆ. ಹೋಗಿ ಬರಲು ಒಂದು ಕಿಲೋಮೀಟರಿನ ಮೇಲೆ ಇನ್ನೂರು ಮೀಟರು. ವರ್ಷಕ್ಕೆ 730 ಸಲ, ಅಂದರೆ 876 ಕಿಲೋಮೀಟರು. ಗೋಡೆಯ ಕ್ಯಾಲೆಂಡರಿನ ಹಿಂದೆ ಇದನ್ನು ಬರೆದು ಒಂದು ದಿನ ಮೀಸೆ ತಿರುವಿದ್ದೂ ಉಂಟು.

ಆಮೇಲೆ ನಮ್ಮ ಮಗಳು ಪುಟ್ಟಿ ನಡೆಯಲು ಕಲಿತಳು.

ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕರೆನ್ ಅಡಾಲ್ಫ್ ಮತ್ತು ಸಂಗಡಿಗರು 12ರಿಂದ 19 ತಿಂಗಳ ಮಕ್ಕಳನ್ನು ಆಡಲು ಬಿಟ್ಟು ಅವರ ಹೆಜ್ಜೆ ಎಣಿಸಿದರು. 2012ರಲ್ಲಿ ಅದು ಪ್ರಕಟವಾಯಿತು. ಗಂಟೆಗೆ ಸರಾಸರಿ 2,368 ಹೆಜ್ಜೆ, 701 ಮೀಟರು, 17 ಸಲ ಬೀಳುವುದು. ದಿನಕ್ಕೆ ಆರು ಗಂಟೆ ಓಡಾಡಿಕೊಂಡಿದ್ದರೆ ಹದಿನಾಲ್ಕು ಸಾವಿರ ಹೆಜ್ಜೆ. ಇದನ್ನು 365ರಿಂದ ಗುಣಿಸಿ ನೋಡಿ: 51 ಲಕ್ಷ ಹೆಜ್ಜೆ, 1,535 ಕಿಲೋಮೀಟರು. ಬೆಂಗಳೂರಿನಿಂದ ಕನ್ಯಾಕುಮಾರಿಗೆ ಹೋಗಿ ವಾಪಸು ಬಂದರೂ ಇನ್ನಷ್ಟು ನಡಿಗೆ ಮಿಗುತ್ತದೆ. ಜ್ವರ, ನೆಗಡಿ, ಅಮ್ಮನ ಸೊಂಟ ಬಿಡದ ದಿನಗಳನ್ನೆಲ್ಲ ಕಳೆದರೂ ನನ್ನ ಹಾಲಿನ ಕ್ಯಾನು ಅವಳನ್ನು ಹಿಡಿಯಲಾರದು. ಅದೂ ಜಗಲಿಯಿಂದ ಕೊಟ್ಟಿಗೆ, ಕೊಟ್ಟಿಗೆಯಿಂದ ಕೋಳಿಗೂಡು, ಅಷ್ಟೇ ಅವಳ ದೇಶ.

ಬಿದ್ದದ್ದು? ವರ್ಷಕ್ಕೆ ಮೂವತ್ತೇಳು ಸಾವಿರ ಸಲ. ಇದನ್ನು ಓದಿ ಹೇಳಿದಾಗ ನನ್ನ ಹೆಂಡತಿ ಸೀರೆಯ ಕುಚ್ಚು ಕಟ್ಟುತ್ತಿದ್ದವಳು ತಲೆ ಎತ್ತದೆ ಕೇಳಿದಳು, 'ಬಿದ್ದಿದ್ದು ಲೆಕ್ಕ ಹಾಕಿದ್ರಲ್ಲ, ಎತ್ತಿಕೊಂಡಿದ್ದು ಯಾರ ಲೆಕ್ಕದಲ್ಲಿದೆ?' ಅದಕ್ಕೆ ಕ್ಯಾಲೆಂಡರಿನ ಹಿಂದೆ ಕಾಲಂ ಇಲ್ಲ. ಅವಳ ಕುಚ್ಚಿಗಾದರೆ ಇದೆ. ಒಂದು ಸೀರೆಗೆ ಎಂಬತ್ತು ಗಂಟು, ಈ ವರ್ಷ ನಲವತ್ತು ಸೀರೆ, ಒಟ್ಟು 3,200 ಗಂಟು. ಬಹುಪಾಲು ಮಗು ಮಲಗಿದ ಮೇಲೆ ಕಟ್ಟಿದ್ದು.

ನನ್ನ ಹವ್ಯಾಸದ ಲೆಕ್ಕ ಹೇಳಲು ನಾಚಿಕೆ. ನಮ್ಮ ತುಮಕೂರು ಕಡೆ ಪೌರಾಣಿಕ ನಾಟಕದ ಹುಚ್ಚು ಎಷ್ಟೆಂಬುದು ಗೊತ್ತಿರುವವರಿಗೆ ಗೊತ್ತು. 1884ರಲ್ಲಿ ಗುಬ್ಬಿಯಲ್ಲಿ ನಾಟಕ ಕಂಪನಿ ಕಟ್ಟಿದವರ ಗಾಳಿ ಇನ್ನೂ ಇಳಿದಿಲ್ಲ. ಹಾರ್ಮೋನಿಯಂ ಮಾಸ್ತರರ ಮುಂದೆ ತೊಂಬತ್ತು ರಾತ್ರಿ, ಮೂರು ಮೂರು ಗಂಟೆ ತಾಲೀಮು. ಒಟ್ಟು 270 ಗಂಟೆ. ನನ್ನದು ಕುರುಕ್ಷೇತ್ರದ ವಿದುರ. ರಂಗದ ಮೇಲೆ ನಿಂತದ್ದು ನಲವತ್ತು ನಿಮಿಷ. ಪಾತ್ರಕ್ಕೆ ದುಡ್ಡು ಕೊಟ್ಟವನೂ ನಾನೇ. ಬೆಳಗಿನ ಜಾವದವರೆಗೆ ಆಟ ನಡೆಯಿತು, ಪುಟ್ಟಿ ಒಂಬತ್ತೂವರೆಗೇ ತಾಯಿಯ ಮಡಿಲಲ್ಲಿ ಮಲಗಿ ಭೀಮನ ಗದೆ ಬಿದ್ದರೂ ಏಳಲಿಲ್ಲ.

ಅವಳ ಊಟದ ಲೆಕ್ಕಕ್ಕೆ ಬಂದರೆ ನಮ್ಮಮ್ಮ ಬೇಕು. ಅಮ್ಮ ರಾಗಿ ನೆನೆಸಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹುರಿದು, ಬೀಸಿಸಿಕೊಂಡು ಬರುತ್ತಾಳೆ. ಆಮೇಲಿನದೇ ನೋಡುವಂಥದ್ದು. ಪಾತ್ರೆಯ ಬಾಯಿಗೆ ಹಳೆಯ ಮಲ್ಲಿನ ಪಂಚೆ ಬಿಗಿದು, ಹಿಟ್ಟು ಸುರಿದು, ಅಂಗೈಯಲ್ಲಿ ಸುತ್ತು ಸುತ್ತಾಗಿ ಸವರುತ್ತಾಳೆ. ಕೆಳಗೆ ಇಳಿಯುವುದು ಹಿಟ್ಟೋ ಹೊಗೆಯೋ ಗೊತ್ತಾಗುವುದಿಲ್ಲ. ಅವಳ ಹುಬ್ಬು ಮಾತ್ರ ಕಂದಾಗುತ್ತದೆ. ಒಂದು ಗ್ರಾಂ ರಾಗಿಯಲ್ಲಿ ಸುಮಾರು 400 ಕಾಳು. ದಿನಕ್ಕೆ 30 ಗ್ರಾಂ ಹಿಟ್ಟಿನ ಸರಿ ಎಂದರೆ ಹನ್ನೆರಡು ಸಾವಿರ ಕಾಳು. ವರ್ಷಕ್ಕೆ ತೂಕ ಹನ್ನೊಂದೇ ಕೆಜಿ, ಕಾಳು ಮಾತ್ರ 43 ಲಕ್ಷ! 'ಮಗು ತಿನ್ನೋದನ್ನ ಎಣಿಸಬಾರ್ದು ಕಣೋ, ದೃಷ್ಟಿ ಆಗುತ್ತೆ' ಎಂದು ಅಮ್ಮ ಆ ಸಂಜೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಕೆಮ್ಮಿದ್ದು ನಾನು.

ತೋಟದಲ್ಲಿ ಎಂಬತ್ತು ತೆಂಗಿನ ಮರ. ಮರಕ್ಕೆ ತಿಂಗಳಿಗೊಂದು ಹೊಂಬಾಳೆ, ವರ್ಷಕ್ಕೆ 960. ಇಲ್ಲಿ ನನ್ನನ್ನು ದಂಗುಬಡಿಸಿದ್ದು ಸಂಖ್ಯೆ ಅಲ್ಲ, ಕಾಲ. ಹೊಂಬಾಳೆ ಒಡೆದು ಕಾಯಿ ಬಲಿಯಲು ಹತ್ತಿರ ಹತ್ತಿರ ಒಂದು ವರ್ಷ. ಕೆಡವಿದ ಕಾಯಿ ಅಟ್ಟದ ಮೇಲೆ ಕೂತು ಉಂಡೆ ಕೊಬ್ಬರಿಯಾಗಲು ಇನ್ನೊಂದು ವರ್ಷ. ಪುಟ್ಟಿ ಹುಟ್ಟಿದ ತಿಂಗಳು ಒಡೆದ ಹೊಂಬಾಳೆ ಈಗಷ್ಟೇ ಕೊಬ್ಬರಿಯಾಗಿದೆ. ಇಬ್ಬರಿಗೂ ಎರಡು ವರ್ಷ. ಅವಳು ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಾಳೆ. ಒಳಗೆ ಗಿಟುಕು ಲೊಟಕ್ ಎಂದಾಗ ನಗುತ್ತಾಳೆ, ಮತ್ತೆ ಅಲ್ಲಾಡಿಸುತ್ತಾಳೆ.

ಇನ್ನು ಸ್ನಾನದ ನೀರು. ದಿನಕ್ಕೆ ಎರಡು ಬಕೆಟ್, ಮೂವತ್ತು ಲೀಟರು. ವರ್ಷಕ್ಕೆ ಸುಮಾರು ಹನ್ನೊಂದು ಸಾವಿರ ಲೀಟರು. ನಮ್ಮೂರ ಮಾರ್ಕೋನಹಳ್ಳಿ ಡ್ಯಾಮು ಶಿಂಷಾ ನದಿಗೆ ಅಡ್ಡ ಕಟ್ಟಿದ್ದು, ತುಂಬಿದರೆ 2.4 ಟಿಎಂಸಿ. ಒಂದು ಟಿಎಂಸಿ ಎಂದರೆ 2,832 ಕೋಟಿ ಲೀಟರು. ಭಾಗಿಸಿದರೆ 62 ಲಕ್ಷ ಪುಟ್ಟಿಯರಿಗೆ ವರ್ಷವಿಡೀ ಸ್ನಾನ. ಇಡೀ ತುಮಕೂರು ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಲ್ಲಿ 26 ಲಕ್ಷದ 78 ಸಾವಿರ ಇತ್ತು. ಆದರೂ ಬೇಸಿಗೆಯಲ್ಲಿ ಬಿಂದಿಗೆ ಸಾಲು ನಿಲ್ಲುವ ಊರುಗಳು ಈ ಜಿಲ್ಲೆಯಲ್ಲೇ ಇವೆ. ಆ ಲೆಕ್ಕ ನನ್ನ ಕ್ಯಾಲೆಂಡರಿಗೆ ಮೀರಿದ್ದು.

ಈ ಡ್ಯಾಮಿನ ಬಗ್ಗೆ ಒಂದು ಮಾತು ಮಾತ್ರ ಹೇಳಲೇಬೇಕು. ಇಲ್ಲಿ ಸೈಫನ್ ವ್ಯವಸ್ಥೆ ಇದೆ. ನೀರು ಮಟ್ಟ ಮುಟ್ಟಿದರೆ ಯಾರೂ ಗೇಟು ತಿರುಗಿಸಬೇಕಿಲ್ಲ, ತಾನಾಗಿಯೇ ಧುಮ್ಮಿಕ್ಕುತ್ತದೆ. ನೋಡಲು ಭಾನುವಾರ ಕಾರುಗಟ್ಟಲೆ ಜನ. 2025ರ ಅಕ್ಟೋಬರಿನಲ್ಲಿ ನೀರಿಗಿಳಿದಿದ್ದ ಒಂದೇ ಕುಟುಂಬದವರು ಹಠಾತ್ತನೆ ಬಂದ ಸೆಳೆತಕ್ಕೆ ಕೊಚ್ಚಿಹೋದರು. ಅವತ್ತು ಊರಲ್ಲಿ ಒಲೆ ಹಚ್ಚಲು ಯಾರಿಗೂ ಮನಸ್ಸಿರಲಿಲ್ಲ.

ಅಡಾಲ್ಫ್ ಅವರ ಲೆಕ್ಕವನ್ನೇ ನಿಮಿಷಕ್ಕೆ ಇಳಿಸಿ: ನಲವತ್ತು ಹೆಜ್ಜೆ, ಹನ್ನೆರಡು ಮೀಟರು. ನೀವು ಫೋನು ತೆಗೆದು, ಎಲ್ಲರನ್ನೂ ಒತ್ತಾಗಿ ನಿಲ್ಲಿಸಿ, ಒಂದು ಸೆಲ್ಫಿ ಹೊಡೆಯುವಷ್ಟರಲ್ಲಿ ಎರಡು ವರ್ಷದ ಮಗು ಅಷ್ಟು ದೂರ ಹೋಗಿರುತ್ತದೆ. ಮಾರ್ಕೋನಹಳ್ಳಿಗೆ ಬನ್ನಿ, ಏರಿಯ ಮೇಲೆ ನಿಂತು ಕಣ್ತುಂಬ ನೋಡಿ. ಮಗುವಿನ ಕೈ ಬಿಡಬೇಡಿ, ಕೋಡಿಯ ಕೆಳಗೆ ಮಾತ್ರ ಇಳಿಯಬೇಡಿ.