ಮೆಮೊರಿ ಕೊಳ್ಳುವ ಮುನ್ನ ಬೋರ್ಡನ್ನು ಕೇಳಿ



ಲಿಂಗಸುಗೂರಿನಂಥ ಊರಿನಲ್ಲಿದ್ದುಕೊಂಡು, ಬಿಡಿಭಾಗಗಳನ್ನು ಒಂದೊಂದಾಗಿ ತರಿಸಿ, ಮನೆಯಲ್ಲೇ ಕಂಪ್ಯೂಟರ್ ಜೋಡಿಸಲು ಹೊರಟಿದ್ದೀರಿ ಎಂದಿಟ್ಟುಕೊಳ್ಳಿ. ಕ್ಯಾಬಿನೆಟ್, ಪ್ರೊಸೆಸರ್, ಮದರ್‌ಬೋರ್ಡ್ ಬಂದಾಯಿತು. ಉಳಿದದ್ದು ಮೆಮೊರಿ, ಅಂದರೆ ರ‍್ಯಾಮ್. "ಎಂಟು ಜಿ.ಬಿ.ಯದು ಕೊಡಿ" ಎಂದರೆ ಸಾಕೆ? ಸಾಲದು.

2003ರಲ್ಲಿ ನಾನು ಹೀಗೆಯೇ ಬರೀ ಗಾತ್ರ ಹೇಳಿ, ಮೊದಲ ಸಂಬಳದ ಹಣದಲ್ಲಿ 256 ಮೆಗಾಬೈಟಿನ ಮೆಮೊರಿ ತಂದೆ. ನನ್ನ ಬೋರ್ಡಿಗೆ ಬೇಕಾಗಿದ್ದುದು 168 ಪಿನ್ನುಗಳ ಎಸ್‌ಡಿರ‍್ಯಾಮ್. ನಾನು ತಂದದ್ದು 184 ಪಿನ್ನುಗಳ ಡಿಡಿಆರ್. ಅದು ಕೂರಲಿಲ್ಲ. ಬಲವಾಗಿ ಒತ್ತಿದೆ. ಸ್ಲಾಟು ಬಿರುಕು ಬಿಟ್ಟಿತು. ಮೆಮೊರಿಯೂ ದಕ್ಕಲಿಲ್ಲ, ಬೋರ್ಡೂ ಉಳಿಯಲಿಲ್ಲ. ತಪ್ಪು ಅಂಗಡಿಯದಲ್ಲ, ಬೋರ್ಡಿನ ಕೈಪಿಡಿಯನ್ನು ಓದದ ನನ್ನದು. ನಿಮ್ಮ ಮನೆಯವರು ಕೂಡಿಟ್ಟು ಕೊಟ್ಟ ಹಣ ಹಾಗೆ ಪೋಲಾಗಬಾರದು.

ಮೊದಲು ಈ ಮೆಮೊರಿ ಎಂದರೇನು, ನೋಡೋಣ. ಮಸ್ಕಿಯ ಬಂಡೆಯನ್ನು ನೀವು ಕಂಡಿರಬಹುದು. 1915ರಲ್ಲಿ ಬೆಳಕಿಗೆ ಬಂದ ಅಲ್ಲಿನ ಶಾಸನದಲ್ಲಿ ಅಶೋಕನ ಹೆಸರು ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಉಳಿದುಕೊಂಡಿದೆ. ರ‍್ಯಾಮ್ ಇದಕ್ಕೆ ತದ್ವಿರುದ್ಧ. ಅದರ ಒಂದೊಂದು ಬಿಟ್ಟೂ ಅತಿ ಚಿಕ್ಕ ಕೆಪಾಸಿಟರಿನಲ್ಲಿ ನಿಲ್ಲುವ ವಿದ್ಯುದಾವೇಶ. ಆ ಕೆಪಾಸಿಟರ್ ಸೋರುವ ಕೊಡದಂತೆ. ಸಾಮಾನ್ಯವಾಗಿ 64 ಮಿಲಿಸೆಕೆಂಡುಗಳೊಳಗೆ ಅದನ್ನು ಮತ್ತೆ ತುಂಬಬೇಕು. ಕರೆಂಟು ಹೋಯಿತೋ, ಎಲ್ಲವೂ ಮರೆತುಹೋಯಿತು. ಒಂದು ಟ್ರಾನ್ಸಿಸ್ಟರ್ ಮತ್ತು ಒಂದು ಕೆಪಾಸಿಟರಿನ ಈ ವ್ಯವಸ್ಥೆಗೆ ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಅವರಿಗೆ 1968ರಲ್ಲಿ ಪೇಟೆಂಟ್ ದೊರೆಯಿತು. ಮೂಲತತ್ತ್ವ ಇಂದಿಗೂ ಅದೇ. ಬದಲಾಗುತ್ತ ಬಂದಿರುವುದು ವೇಗ, ವೋಲ್ಟೇಜು ಮತ್ತು ಜೋಡಣೆ. ತೊಡಕು ಹುಟ್ಟುವುದೂ ಇಲ್ಲಿಯೇ.

ಆದ್ದರಿಂದ ಕೊಳ್ಳುವ ಮುನ್ನ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಿ.

ಮೊದಲನೆಯದು: ಯಾವ ತಲೆಮಾರು? ಡಿಡಿಆರ್3ಕ್ಕೆ 240 ಪಿನ್ನು, 1.5 ವೋಲ್ಟ್. ಡಿಡಿಆರ್4ಕ್ಕೆ 288 ಪಿನ್ನು, 1.2 ವೋಲ್ಟ್. ಡಿಡಿಆರ್5ಕ್ಕೂ 288 ಪಿನ್ನೇ, ಆದರೆ 1.1 ವೋಲ್ಟ್. ಮೂರರ ಉದ್ದವೂ ಒಂದೇ, 13 ಸೆಂಟಿಮೀಟರಿಗಿಂತ ತುಸು ಹೆಚ್ಚು. ಆದರೆ ಕೆಳಅಂಚಿನ ಕಚ್ಚು ಒಂದೊಂದರಲ್ಲಿ ಒಂದೊಂದು ಕಡೆ ಇರುತ್ತದೆ. ತಪ್ಪು ಮೆಮೊರಿ ಕೂರದಿರಲೆಂದೇ ಈ ಏರ್ಪಾಡು. ಕಚ್ಚು ಹೊಂದಲಿಲ್ಲವೆಂದರೆ ಒತ್ತಬೇಡಿ! ಪ್ರೊಸೆಸರಿನ ಹೆಸರು ನೋಡಿ ತೀರ್ಮಾನಿಸುವುದೂ ಸರಿಯಲ್ಲ. ಇಂಟೆಲ್‌ನ 12ನೇ ತಲೆಮಾರಿನ ಪ್ರೊಸೆಸರುಗಳು ಡಿಡಿಆರ್4, ಡಿಡಿಆರ್5 ಎರಡನ್ನೂ ಬಲ್ಲವು. ಅವುಗಳ ಬೋರ್ಡುಗಳು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಮಾತ್ರ ಸ್ವೀಕರಿಸುತ್ತವೆ. ಕೊನೆಯ ಮಾತು ಬೋರ್ಡಿನದು.

ಎರಡನೆಯದು: ಯಾವ ಜಾತಿ? ಲ್ಯಾಪ್‌ಟಾಪಿನ ಮೆಮೊರಿ ಗಿಡ್ಡ; ನೋಡಿದೊಡನೆ ತಿಳಿಯುತ್ತದೆ. ಮೋಸಹೋಗುವುದು ಸರ್ವರ್ ಮೆಮೊರಿಯಲ್ಲಿ. ಹಳೆಯ ಸಾಮಾನಿನ ಮಾರುಕಟ್ಟೆಯಲ್ಲಿ ಇದು ಅಗ್ಗವಾಗಿ ಸಿಗುತ್ತದೆ. ಡಿಡಿಆರ್4ರಲ್ಲಾದರೆ ಸ್ಲಾಟಿನಲ್ಲಿ ಸಲೀಸಾಗಿ ಕೂತೂಬಿಡುತ್ತದೆ, ಆದರೆ ಮನೆಯ ಕಂಪ್ಯೂಟರ್ ಏಳುವುದಿಲ್ಲ. ಚೀಟಿಯನ್ನು ಓದಲು ಕಲಿಯಿರಿ. "ಪಿಸಿ4-2400ಟಿ-ಯುಎ2" ಎಂಬಂತೆ ಅಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿರುತ್ತದೆ. ಎರಡನೆಯ ಅಡ್ಡಗೆರೆಯ ನಂತರದ ಅಕ್ಷರ "ಯು" ಆಗಿದ್ದರೆ ಅದು ಮನೆಯ ಕಂಪ್ಯೂಟರಿನದು. "ಎಸ್" ಆಗಿದ್ದರೆ ಲ್ಯಾಪ್‌ಟಾಪಿನದು. "ಆರ್" ಆಗಿದ್ದರೆ ಸರ್ವರಿನದು.

ಮೂರನೆಯದು: ಎಷ್ಟು ಗಾತ್ರ? ಒಂದು ಸ್ಲಾಟಿಗೆ ಎಷ್ಟು, ಒಟ್ಟು ಎಷ್ಟು ಎಂಬ ಮಿತಿ ಕೈಪಿಡಿಯಲ್ಲಿದೆ. ಹಳೆಯ ಯಂತ್ರವಾದರೆ ಇನ್ನೊಂದು ಲೆಕ್ಕ ನೋಡಿ. 32 ಬಿಟ್ಟಿನ ವಿಳಾಸದಿಂದ ಗುರುತಿಸಬಹುದಾದ ಬೈಟುಗಳು 2ರ 32ನೇ ಘಾತ, ಅಂದರೆ 429,49,67,296. ಇದೇ 4 ಗಿಗಾಬೈಟ್. ಮನೆಯ ಕಂಪ್ಯೂಟರಿನಲ್ಲಿ 32 ಬಿಟ್ಟಿನ ವಿಂಡೋಸ್ ಇಟ್ಟುಕೊಂಡು 8 ಗಿಗಾಬೈಟ್ ಹಾಕಿದರೆ ಅರ್ಧಕ್ಕರ್ಧ ವ್ಯರ್ಥ.

ನಾಲ್ಕನೆಯದು: ಎಷ್ಟು ವೇಗ? ಜೋಡಿ ಎತ್ತುಗಳಲ್ಲಿ ಒಂದು ನಿಧಾನಿಯಾದರೆ ಬಂಡಿ ಅದರ ನಡಿಗೆಯಲ್ಲೇ ಸಾಗುತ್ತದಲ್ಲವೇ? 3200ರ ಮೆಮೊರಿಯೊಡನೆ 2666ರದನ್ನು ಹೂಡಿದರೆ ಎರಡೂ 2666ರಲ್ಲೇ ನಡೆಯುತ್ತವೆ. ಒಂದು 16 ಗಿಗಾಬೈಟಿನದಕ್ಕಿಂತ ಒಂದೇ ಬಗೆಯ ಎರಡು 8ರವು ಮೇಲು. ಆಗ ಮಾಹಿತಿ ಎರಡು ದಾರಿಗಳಲ್ಲಿ ಹರಿಯುತ್ತದೆ. ನಾಲ್ಕು ಸ್ಲಾಟುಗಳಿದ್ದರೆ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯ ಮತ್ತು ನಾಲ್ಕನೆಯದರಲ್ಲಿ ಕೂರಿಸಬೇಕು. ಹೆಚ್ಚಿನ ವೇಗದ ಮೆಮೊರಿ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆಯ್ಕೆ ಮಾಡುವವರೆಗೆ ಕಡಿಮೆ ವೇಗದಲ್ಲೇ ನಡೆಯಬಹುದು. ಅದು ಕೆಟ್ಟಿದೆ ಎಂದು ಗಾಬರಿಯಾಗಬೇಡಿ.

ಇನ್ನು ಜೋಡಿಸುವ ಮಾತು. ಪ್ಲಗ್ಗನ್ನು ಕಿತ್ತಿಡಿ. ನಮ್ಮ ರಾಯಚೂರು ಸೀಮೆಯ ಒಣಹವೆಯಲ್ಲಿ ಮೈಮೇಲೆ ಸ್ಥಾಯೀ ವಿದ್ಯುತ್ ಸುಲಭವಾಗಿ ಕೂಡಿಕೊಳ್ಳುತ್ತದೆ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ, ನಂತರ ಮೆಮೊರಿಯನ್ನು ಅಂಚಿನಲ್ಲಿ ಹಿಡಿಯಿರಿ. ಕೆಳಗಿನ ಹಳದಿ ಪಿನ್ನುಗಳಿಗೆ ಬೆರಳು ತಾಗಿಸಬೇಡಿ. ಅವುಗಳ ಮೇಲಿನ ಲೇಪನ ನಿಜವಾದ ಚಿನ್ನ. ನಿಮ್ಮ ತಾಲ್ಲೂಕಿನ ಹಟ್ಟಿ ಗಣಿಯಲ್ಲಿ ತೆಗೆಯುವ ಲೋಹವೇ ಅದು; ತುಕ್ಕು ಹಿಡಿಯದೆಂದೇ ಅದನ್ನು ಬಳಸುತ್ತಾರೆ. ಕೊಂಡಿ ಟಕ್ಕೆಂದು ಬೀಳುವವರೆಗೆ ಎರಡೂ ತುದಿಗಳನ್ನು ಸಮನಾಗಿ ಅದುಮಿ. ಯಂತ್ರ ಎದ್ದ ಮೇಲೆ ಮೆಮ್‌ಟೆಸ್ಟ್86 ಎಂಬ ತಂತ್ರಾಂಶವನ್ನು ಒಂದು ರಾತ್ರಿ ಓಡಿಸಿ. ಒಂದೇ ಒಂದು ದೋಷ ತೋರಿಸಿದರೂ, ಬೇರೆ ಸ್ಲಾಟಿನಲ್ಲಿಟ್ಟು ಮತ್ತೆ ಪರೀಕ್ಷಿಸಿ. ಆಗಲೂ ಬಂದರೆ ಆ ಮೆಮೊರಿಯನ್ನು ಹಿಂತಿರುಗಿಸಿ.

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಕೊಳ್ಳುವಿರಾದರೆ ರಾತ್ರಿಯಿಡೀ ಬಸ್ಸಿನ ಪ್ರಯಾಣ. ತಪ್ಪು ವಸ್ತುವನ್ನು ಬದಲಿಸಲು ಮತ್ತೆ ಅಷ್ಟೇ ದೂರ ಹೋಗಬೇಕು. ಹೊರಡುವ ಮುನ್ನ ಒಂದು ಚೀಟಿಯಲ್ಲಿ ಬೋರ್ಡಿನ ಪೂರ್ಣ ಹೆಸರು, ಮೆಮೊರಿಯ ತಲೆಮಾರು, ಸ್ಲಾಟುಗಳ ಸಂಖ್ಯೆ, ಗಾತ್ರದ ಮಿತಿ, ವೇಗ ಇಷ್ಟನ್ನು ಬರೆದುಕೊಳ್ಳಿ. ಬೋರ್ಡಿನ ತಯಾರಕರು ತಾವು ಪರೀಕ್ಷಿಸಿದ ಮೆಮೊರಿಗಳ ಪಟ್ಟಿ ಪ್ರಕಟಿಸಿದ್ದರೆ ಅದನ್ನೂ ನೋಡಿಕೊಳ್ಳಿ. ಹಣ ಕೊಡುವ ಮೊದಲು "ಹೊಂದದಿದ್ದರೆ ವಾಪಸು ತೆಗೆದುಕೊಳ್ಳುವಿರಾ?" ಎಂದು ಕೇಳಿ, ಒಪ್ಪಿದರೆ ಆ ಮಾತನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.