ಯಾವ ಸಾಮಾನು, ಯಾವ ಅಂಗಡಿ

ಸಂಬಳ ಬಂದ ವಾರ ದಾವಣಗೆರೆಯ ವಿನೋಬನಗರದ ಮನೆಗಳಲ್ಲಿ ಸಾಮಾನಿನ ಪಟ್ಟಿ ತಯಾರಾಗುತ್ತದೆ. ಪಟ್ಟಿ ಹಿಡಿದು ಹೊರಟವರಿಗೆ ಈಗ ದಾರಿಗಳು ಹಲವು. ಓಣಿಯ ಮೂಲೆಯಲ್ಲಿ ಉದ್ರಿ ಕೊಡುವ ಕಿರಾಣಿ ಅಂಗಡಿ ಇದೆ. ಎಂಆರ್‌ಪಿಗಿಂತ ಕಡಿಮೆಗೆ ಕೊಡುತ್ತೇವೆ ಎನ್ನುವ ರಿಯಾಯಿತಿ ಸೂಪರ್ ಮಾರ್ಕೆಟ್ ಇದೆ. ಎ.ಸಿ. ಹಾಕಿ, ಚೀಸು, ಆಲಿವ್ ಎಣ್ಣೆ ಜೋಡಿಸಿಟ್ಟ ದುಬಾರಿ ಮಳಿಗೆಯೂ ಇದೆ. ಇವೆಲ್ಲಕ್ಕಿಂತ ಹಳೆಯದು ಮಂಡಿಪೇಟೆ. ‘ಎಲ್ಲಿ ಅಗ್ಗ?’ ಎಂದು ಕೇಳಿದಾಗ ಒಂದೇ ಅಂಗಡಿಯ ಹೆಸರು ಹೇಳುವವರ ಮಾತನ್ನು ನಾನು ನಂಬುವುದಿಲ್ಲ. ಅಕ್ಕಿಗೆ ಒಂದು ಲೆಕ್ಕ, ಸೋಪಿಗೆ ಒಂದು ಲೆಕ್ಕ, ವೈನಿಗೆ ಇನ್ನೊಂದೇ ಲೆಕ್ಕ.

ದಾವಣಗೆರೆ ಬೆಳೆದದ್ದೇ ವ್ಯಾಪಾರದಿಂದ. ಹೈದರ್ ಅಲಿ ಈ ಊರನ್ನು ಅಪ್ಪಾಜಿರಾಮ್ ಎಂಬ ಮರಾಠ ಸರದಾರನಿಗೆ ಜಹಗೀರು ಕೊಟ್ಟ. ಆತ ವರ್ತಕರನ್ನು ಕರೆತಂದು ನೆಲೆಗೊಳಿಸಿದ. ಹಳ್ಳಿಯಂತಿದ್ದ ಊರು ಪೇಟೆಯಾಯಿತು. ಮುಂದೆ ಹತ್ತಿ ಗಿರಣಿಗಳು ಬಂದವು, ಭದ್ರಾ ನಾಲೆಯ ನೀರು ಬಂದಮೇಲೆ ಸುತ್ತಲ ಹೊಲಗಳು ಗದ್ದೆಗಳಾದವು. ಅಕ್ಕಿ ಗಿರಣಿಗಳು ದಾವಣಗೆರೆ, ಹರಿಹರ, ಮಲೇಬೆನ್ನೂರಿನ ಉದ್ದಕ್ಕೂ ಎದ್ದವು. ಅಕ್ಕಿ ಬೆಳೆಯುವ ಜಾಗದಲ್ಲೇ ಕೂತಿರುವ ಗಿರಾಕಿ ಬೆಂಗಳೂರಿನವರಂತೆ ಲೆಕ್ಕ ಹಾಕಬೇಕಿಲ್ಲ ಎಂಬುದನ್ನು ಮರೆಯಬಾರದು.

ರಿಯಾಯಿತಿ ಅಂಗಡಿ ಎಲ್ಲಿಂದ ತಂದು ಅಗ್ಗ ಮಾಡುತ್ತದೆ? ಈ ಪದ್ಧತಿಯ ದೊಡ್ಡ ಮಾದರಿ ಜರ್ಮನಿಯ ಆಲ್ಡಿ. ಎಸ್ಸೆನ್ ಊರಿನಲ್ಲಿ ತಾಯಿ ನಡೆಸುತ್ತಿದ್ದ ಸಣ್ಣ ಅಂಗಡಿಯನ್ನು ಎರಡನೇ ಮಹಾಯುದ್ಧದ ನಂತರ ಕಾರ್ಲ್ ಮತ್ತು ಥಿಯೋ ಆಲ್ಬ್ರೆಕ್ಟ್ ಸಹೋದರರು ವಹಿಸಿಕೊಂಡರು. ಕೆಲವೇ ಬಗೆಯ ಸಾಮಾನು, ಅಲಂಕಾರವಿಲ್ಲದ ಕಪಾಟು, ಬಹುಪಾಲು ಸ್ವಂತ ಹೆಸರಿನ ಸರಕು. ಬಗೆ ಕಡಿಮೆಯಾದಷ್ಟೂ ಒಂದೊಂದನ್ನು ರಾಶಿಗಟ್ಟಲೆ ಕೊಳ್ಳಬಹುದು, ರಾಶಿಗಟ್ಟಲೆ ಕೊಂಡರೆ ದರ ಇಳಿಯುತ್ತದೆ. ನಮ್ಮ ದೇಶದಲ್ಲಿ ರಾಧಾಕಿಶನ್ ದಮಾನಿ ಅವರು 2002ರಲ್ಲಿ ಮುಂಬೈಯ ಪೊವಾಯಿಯಲ್ಲಿ ತೆರೆದ ಡಿ-ಮಾರ್ಟ್ ಹಿಡಿದದ್ದೂ ಇದಕ್ಕೆ ಹತ್ತಿರದ ದಾರಿ. ಬಹುಪಾಲು ಮಳಿಗೆಗಳ ಜಾಗ ಸ್ವಂತದ್ದು, ಆದ್ದರಿಂದ ಬಾಡಿಗೆಯ ಹೊರೆಯಿಲ್ಲ. ಸರಕು ಕೊಟ್ಟವರಿಗೆ ಹಣ ಬೇಗ ಸಲ್ಲಿಸಿ ಅವರಿಂದ ದರ ಇಳಿಸಿಕೊಳ್ಳುವುದು ಅದರ ಇನ್ನೊಂದು ಬಲ. ಸೋಪು, ಸೋಪಿನ ಪುಡಿ, ಟೂತ್‌ಪೇಸ್ಟು, ಬಿಸ್ಕತ್ತು, ಚಹಾಪುಡಿಯಂಥ ಕಂಪನಿ ಪ್ಯಾಕೆಟ್ಟುಗಳಲ್ಲಿ ಇಂಥ ಅಂಗಡಿಯನ್ನು ಕಿರಾಣಿಯವರು ಸೋಲಿಸುವುದು ಕಷ್ಟ. ಒಳಗಿನ ಸರಕು ಎಲ್ಲೆಡೆಯೂ ಒಂದೇ, ಅಲ್ಲಿ ಕಡಿಮೆಗೆ ಸಿಕ್ಕರೆ ಅದು ನಿಜವಾದ ಉಳಿತಾಯ.

ನಂದಿನಿ ಹಾಲಿನ ಪ್ಯಾಕೆಟ್ಟಿಗೆ ಈ ಮಾತು ಸಲ್ಲದು. ಅದರಲ್ಲಿ ಮಾರುವವನಿಗೆ ಉಳಿಯುವುದೇ ಕಡಿಮೆ. ಮೂಲೆಯಂಗಡಿಯಲ್ಲಿ ತಂದರೆ ಸಾಕು.

ಎಚ್ಚರ ಬೇಕಾದದ್ದು ‘ಎಂಆರ್‌ಪಿ ಮೇಲೆ ಇಷ್ಟು ಕಡಿತ’ ಎನ್ನುವ ಫಲಕದ ಮುಂದೆ. ಪ್ಯಾಕೆಟ್ಟಿನ ಮೇಲೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ ಮುದ್ರಿಸುವ ನಿಯಮ 1990ರಲ್ಲಿ ಬಂತು; ಈಗ ಅದು 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಅಡಿಯಲ್ಲಿದೆ. ಆ ಬೆಲೆಯನ್ನು ನಿರ್ಧರಿಸುವುದು ತಯಾರಕ. ಗೋಡಂಬಿ, ಖರ್ಜೂರ, ಮಳಿಗೆಯ ಸ್ವಂತ ಹೆಸರಿನ ಬೇಳೆಯ ಮೇಲೆ ದೊಡ್ಡ ಎಂಆರ್‌ಪಿ ಹಾಕಿ ದೊಡ್ಡ ಕಡಿತ ತೋರಿಸಲು ಯಾವ ಅಡ್ಡಿಯೂ ಇಲ್ಲ. ಹಾಗಾಗಿ ಕಡಿತವನ್ನು ನೋಡಬೇಡಿ, ಕೊನೆಗೆ ನೀವು ಕೊಡುವ ದರವನ್ನು ನೋಡಿ. ಇದಕ್ಕೆ ನೆರವಾಗಲೆಂದೇ ಬಿಡಿ ಘಟಕದ ಬೆಲೆಯನ್ನೂ ಮುದ್ರಿಸಬೇಕೆಂದು ಈಚೆಗೆ ನಿಯಮ ಮಾಡಿದ್ದಾರೆ. ಒಂದು ಕಿಲೋಗಿಂತ ಕಡಿಮೆ ತೂಕದ ಪ್ಯಾಕೆಟ್ಟಿನಲ್ಲಿ ಅದು ಗ್ರಾಂ ಲೆಕ್ಕದಲ್ಲಿ, ಹೆಚ್ಚಿನ ತೂಕದ್ದರಲ್ಲಿ ಕಿಲೋ ಲೆಕ್ಕದಲ್ಲಿ ಇರುತ್ತದೆ. ಗ್ರಾಂಗೆ 0.45 ರೂಪಾಯಿ ಎಂದು ಓದಿದಾಗ ಏನೂ ಅನ್ನಿಸದು. ಸಾವಿರದಿಂದ ಗುಣಿಸಿದರೆ ಕಿಲೋಗೆ 450 ರೂಪಾಯಿ. ಈ ಗುಣಾಕಾರವನ್ನು ಮಕ್ಕಳಿಗೆ ವಹಿಸಿ, ಅವರು ಸಂತೋಷದಿಂದ ಮಾಡುತ್ತಾರೆ. ಆದರೆ ಅಲ್ಲಿ ಮುದ್ರಿಸಿರುವುದು ಎಂಆರ್‌ಪಿಯ ಲೆಕ್ಕ. ರಿಯಾಯಿತಿ ಕಳೆದ ದರವನ್ನು ನೀವೇ ತೂಕದಿಂದ ಭಾಗಿಸಿ ನೋಡಬೇಕು. ದೊಡ್ಡ ಪ್ಯಾಕೆಟ್ಟೇ ಯಾವಾಗಲೂ ಅಗ್ಗವಲ್ಲ ಎಂಬುದು ಆಗ ಕಣ್ಣಿಗೆ ಬೀಳುತ್ತದೆ.

ಅಕ್ಕಿಯ ಮಾತು ಬೇರೆ. 2022ರ ಜುಲೈ 18ರಿಂದ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕಿಲೋವರೆಗಿನ ಅಕ್ಕಿ, ಬೇಳೆ, ಹಿಟ್ಟಿನ ಮೇಲೆ ಶೇ 5 ಜಿಎಸ್‌ಟಿ ಬಂತು. ಬಿಡಿಯಾಗಿ ತೂಗಿ ಕೊಟ್ಟರೆ ತೆರಿಗೆ ಇಲ್ಲ, 25 ಕಿಲೋ ಮೀರಿದ ಚೀಲಕ್ಕೂ ಇಲ್ಲ. ನಮ್ಮ ಅಂಗಡಿಗಳಲ್ಲಿ 26 ಕಿಲೋ ಅಕ್ಕಿ ಚೀಲ ಕಾಣಿಸಿಕೊಂಡದ್ದು ಈ ಕಾರಣಕ್ಕೆ. ಕಿಲೋಗೆ 60 ರೂಪಾಯಿ ಎಂದು ಹಿಡಿದರೆ 25 ಕಿಲೋಗೆ 1,500 ರೂಪಾಯಿ, ಅದರ ಮೇಲಿನ ತೆರಿಗೆ 75 ರೂಪಾಯಿ. ಐದು ಕಿಲೋ ಚೀಲಗಳನ್ನು ಸೂಪರ್ ಮಾರ್ಕೆಟ್ಟಿನಿಂದ ಮತ್ತೆ ಮತ್ತೆ ತರುವ ಮನೆ ಈ ತೆರಿಗೆಯ ಜೊತೆಗೆ ಚೀಲದ ಖರ್ಚನ್ನೂ ಕೊಡುತ್ತದೆ. ಪೇಟೆಯಲ್ಲಿ ಕೊಳ್ಳುವುದರಿಂದ ತೆರಿಗೆಯ ಉಳಿತಾಯಕ್ಕಿಂತ ದೊಡ್ಡ ಲಾಭ ಬೇರೊಂದಿದೆ. ಮಂಡಿಪೇಟೆಯಲ್ಲಿ ಅಕ್ಕಿಯನ್ನು ಅಂಗೈಗೆ ಹಾಕಿಕೊಂಡು ನುಚ್ಚೆಷ್ಟಿದೆ ನೋಡಬಹುದು, ಎರಡು ಕಾಳು ಕಡಿದು ಹಳೆ ಅಕ್ಕಿಯೋ ಹೊಸದೋ ತಿಳಿಯಬಹುದು. ಹೊಲಿದ ಚೀಲ, ಎಷ್ಟು ಚೆಂದದ ಮಳಿಗೆಯಲ್ಲಿದ್ದರೂ, ಆ ಅವಕಾಶ ಕೊಡುವುದಿಲ್ಲ. ಅಕ್ಕಿ, ಕಾಳುಕಡಿ, ಒಣಮೆಣಸಿನಕಾಯಿ, ಬೆಲ್ಲವನ್ನು ಪೇಟೆಯಿಂದಲೇ ತರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಮ್ಮೂರ ಮಂಡಕ್ಕಿಯನ್ನಂತೂ ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ ಕೊಳ್ಳುವ ಅಗತ್ಯವೇ ಇಲ್ಲ. ಭಟ್ಟಿಯಿಂದ ಬಂದ ಗರಿಗರಿ ಮಾಲು ಚೀಲದಲ್ಲೇ ಸಿಗುತ್ತದೆ.

ಹಾಗಾದರೆ ದುಬಾರಿ ಮಳಿಗೆಗೆ ಹೋಗುವುದೇ ಬೇಡವೇ? ಅದು ಮುಖ್ಯವಾಗಿ ಮಾರುವುದು ಎರಡನ್ನು: ತಂಪು ಮತ್ತು ಆಯ್ಕೆ. ಚೀಸು, ಬೆಣ್ಣೆ, ಫ್ರೋಜನ್ ಬಟಾಣಿ, ಐಸ್‌ಕ್ರೀಮು ಕರಗದೆ, ಮತ್ತೆ ಗಟ್ಟಿಯಾಗದೆ ನಿಮ್ಮ ಕೈಸೇರಬೇಕಾದರೆ ಹಗಲು ರಾತ್ರಿ ಓಡುವ ಶೀತಕ ಬೇಕು, ಕರೆಂಟು ಹೋದಾಗ ಜನರೇಟರ್ ಬೇಕು. ಆ ಖರ್ಚು ಬೆಲೆಯಲ್ಲಿ ಸೇರಿರುತ್ತದೆ, ಅದನ್ನು ಕೊಡುವುದು ನ್ಯಾಯ. ಅದೇ ಮಳಿಗೆಯಲ್ಲಿ ಉಪ್ಪು, ಸಕ್ಕರೆ, ಕೊತ್ತಂಬರಿ ಸೊಪ್ಪು ಕೊಂಡರೆ ಮಾತ್ರ ಬೇಡದ ತಂಪಿಗೆ ದುಡ್ಡು ಕೊಟ್ಟಂತೆ. ಸೊಪ್ಪಿನ ತಳ್ಳುಗಾಡಿ ಮನೆ ಮುಂದೆಯೇ ಬರುತ್ತದೆ.

ಇನ್ನು ವೈನ್. ವಿನೋಬನಗರದ ಬಹಳ ಮನೆಗಳಿಗೆ ಇದು ಬೇಕಿಲ್ಲ. ಬೇಕಾದವರಿಗೆ ಸರಿಯಾದ ಮಾಹಿತಿ ಹೇಳುವವರು ಕಡಿಮೆ. ಯುರೋಪಿನಲ್ಲಿ ಆಲ್ಡಿಯಂಥ ರಿಯಾಯಿತಿ ಮಳಿಗೆ ಬ್ರೆಡ್ಡಿನ ಪಕ್ಕದಲ್ಲೇ ವೈನ್ ಇಡುತ್ತದೆ, ದರವನ್ನೂ ತಾನೇ ಇಳಿಸುತ್ತದೆ. ನಮ್ಮಲ್ಲಿ ಹಾಗಿಲ್ಲ. ಮದ್ಯ ಜಿಎಸ್‌ಟಿಯ ಹೊರಗಿದೆ, ಸುಂಕ ರಾಜ್ಯದ್ದು. ಸಗಟು ವ್ಯಾಪಾರ 2003ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಪಾನೀಯ ನಿಗಮದ ಕೈಯಲ್ಲಿದೆ. ಸಿಎಲ್-2 ಎಂಬ ಚಿಲ್ಲರೆ ಮದ್ಯ ಪರವಾನಗಿಯ ಅಂಗಡಿಯಾಗಲಿ, ಸರ್ಕಾರಿ ಸಂಸ್ಥೆ ಎಂಎಸ್‌ಐಎಲ್‌ನ ಮಳಿಗೆಯಾಗಲಿ, ಬಾಟಲಿಯನ್ನು ಎಂಆರ್‌ಪಿಗೆ ಮಾರಬೇಕು. ಕಿರಾಣಿ ಬಿಲ್ಲಿನಲ್ಲಿ ವೈನ್ ಸೇರುವುದಿಲ್ಲ. ಅದನ್ನು ಮಾರಲು ಪ್ರತ್ಯೇಕ ಪರವಾನಗಿ ಬೇಕು. ನೆರೆಯ ಮಹಾರಾಷ್ಟ್ರ ಸರ್ಕಾರ 2022ರ ಜನವರಿಯಲ್ಲಿ ಸೂಪರ್ ಮಾರ್ಕೆಟ್ಟುಗಳಲ್ಲಿ ವೈನ್ ಮಾರಲು ಒಪ್ಪಿದಾಗ ಅಣ್ಣಾ ಹಜಾರೆ ಸೇರಿದಂತೆ ಹಲವರು ವಿರೋಧಿಸಿದರು. ನಮ್ಮ ರಾಜ್ಯ 2007ರಲ್ಲಿ ವೈನ್ ನೀತಿ ತಂದು ದ್ರಾಕ್ಷಿ ಬೆಳೆಗಾರರಿಗೆ ದಾರಿ ಮಾಡಿಕೊಟ್ಟಿತು. ನಂದಿಬೆಟ್ಟದ ತಪ್ಪಲಿನ ಗ್ರೋವರ್, ಹಂಪಿಯ ಸೀಮೆಯ ಕೃಷ್ಮಾ ಹೆಸರಿನ ವೈನುಗಳು ನಮ್ಮವೇ.

ದರ ಎಲ್ಲೆಡೆ ಒಂದೇ ಆದಮೇಲೆ ಅಂಗಡಿ ಆರಿಸುವುದು ಬಾಟಲಿ ಇಟ್ಟ ಜಾಗ ನೋಡಿ. ವೈನಿಗೆ ಹಿತವಾದದ್ದು 12ರಿಂದ 15 ಡಿಗ್ರಿ ತಂಪು. ದಾವಣಗೆರೆಯ ಏಪ್ರಿಲ್ ಬಿಸಿಲು 40ರ ಹತ್ತಿರ ಹೋಗುತ್ತದೆ. ಗಾಜಿನ ಹಿಂದೆ, ಬಿಸಿಲು ಬೀಳುವ ಕಪಾಟಿನಲ್ಲಿ ಬೇಸಿಗೆ ಕಳೆದ ಬಾಟಲಿಯ ಒಳಗಿನ ವೈನ್ ಬೆಂದುಹೋಗಿರುತ್ತದೆ. ಬಿರಡೆ ಮೇಲಕ್ಕೆ ಎದ್ದಿದ್ದರೆ, ಅದರ ಸುತ್ತ ಅಂಟು ಕಂಡರೆ ಮುಟ್ಟಬೇಡಿ. ಸಾಧಾರಣ ಬೆಲೆಯ ವೈನನ್ನು ವರ್ಷಗಟ್ಟಲೆ ಇಡಲು ತಯಾರಿಸುವುದಿಲ್ಲ. ಲೇಬಲ್ಲಿನ ಇಸವಿ ಹತ್ತಿರದ್ದಿರಲಿ. ಬೇಸಿಗೆಯಲ್ಲಿ ತಿರುಗುಮುಚ್ಚಳದ್ದು ಬಿರಡೆಯದಕ್ಕಿಂತ ಮೇಲು, ಏಕೆಂದರೆ ಬಿರಡೆ ಒಣಗಿ ಕುಗ್ಗಿ ಗಾಳಿ ಒಳಬಿಡಬಹುದು.

ಯಾವ ಅಂಗಡಿಯಲ್ಲೇ ಆಗಲಿ ಎಂಆರ್‌ಪಿಗಿಂತ ಹೆಚ್ಚು ಕೇಳಿದರೆ ಬಿಲ್ಲು ಪಡೆದು ಇಟ್ಟುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿ ಕನ್ನಡದಲ್ಲೇ ದೂರು ಹೇಳಬಹುದು.