ಸಸಿ ನೆಡುವ ಗೂಟ: ಅದರ ರಚನೆಯೂ ಉಪಯೋಗವೂ

ಒಟ್ಟುಪಾತಿಯಲ್ಲಿ ಬೆಳೆಸಿ, ಅನಂತರ ಕಿತ್ತು ಹೊಲದಲ್ಲಿ ನೆಡತಕ್ಕ ಪೈರುಗಳ ಪೈಕಿ ಹೊಗೆಸೊಪ್ಪು, ಮೆಣಸಿನಕಾಯಿ, ಬದನೆ, ಟೊಮೆಟೊ, ಎಲೆಕೋಸು ಇವು ಮುಖ್ಯವಾದುವು. ಇವುಗಳ ಬೀಜವನ್ನು ಆರಿಸುವುದರಲ್ಲಿಯೂ, ಪಾತಿಗೆ ಗೊಬ್ಬರ ಹಾಕುವುದರಲ್ಲಿಯೂ, ಎಳೆಯ ಸಸಿಗಳಿಗೆ ಬೆಳಗು ಬೈಗು ನೀರು ಚಿಮುಕಿಸುವುದರಲ್ಲಿಯೂ ರೈತರು ತೋರಿಸುವ ಶ್ರದ್ಧೆಗೆ ಕೊರತೆಯಿಲ್ಲ. ಹೀಗೆ ಒಂದೂವರೆ ತಿಂಗಳು ಮಗುವಿನಂತೆ ಸಾಕಿದ ಸಸಿಯನ್ನು ನೆಲಕ್ಕೆ ಸೇರಿಸುವ ಕೆಲಸ ಮಾತ್ರ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗಿದುಹೋಗುತ್ತದೆ. ಆ ಕ್ಷಣದಲ್ಲಿ ಕೈಯಲ್ಲಿರುವ ಸಾಧನವಾದರೋ ಮೊನೆಮಾಡಿದ ಒಂದು ಗೂಟ. ಅದನ್ನು ಯಾರೂ ಬೇಸಾಯದ ಉಪಕರಣವೆಂದು ಎಣಿಸುವುದಿಲ್ಲ. ಬೇಲಿಯಲ್ಲಿ ಸಿಕ್ಕಿದ ಕಡ್ಡಿಯನ್ನು ಮುರಿದು ಮಚ್ಚಿನಿಂದ ನಾಲ್ಕೇಟು ಕೆತ್ತಿದರೆ ಆಯಿತು ಎಂಬುದೇ ಸಾಮಾನ್ಯ ಭಾವನೆ. ಆದರೆ ನಾಟಿಯಾದ ವಾರ ಹತ್ತು ದಿನಗಳೊಳಗೆ ಸಾಯುವ ಸಸಿಗಳಲ್ಲಿ ಅನೇಕವು ಈ ಗೂಟದ ದೋಷದಿಂದ, ಅಥವಾ ಅದನ್ನು ಉಪಯೋಗಿಸಿದ ಕ್ರಮದ ದೋಷದಿಂದ ಸಾಯತಕ್ಕವುಗಳೆಂಬುದನ್ನು ಗ್ರಾಮದ ಮುಖಂಡರೂ ಜಮೀನುದಾರರೂ ಗಮನಿಸಬೇಕಾಗಿದೆ.

ನಷ್ಟದ ಲೆಕ್ಕವನ್ನು ಮೊದಲು ನೋಡೋಣ. ಸಾಲಿನಿಂದ ಸಾಲಿಗೆ 3 ಅಡಿ, ಸಸಿಯಿಂದ ಸಸಿಗೆ 2 ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ 7,260 ಸಸಿಗಳು ಹಿಡಿಯುತ್ತವೆ. ಹತ್ತಕ್ಕೆ ಒಂದರಂತೆ ಸತ್ತರೂ 726 ಕಡೆಗಳಲ್ಲಿ ತೆರಪು ಬೀಳುತ್ತದೆ. ಅಲ್ಲಿ ಮತ್ತೆ ಸಸಿ ನೆಡಿಸಬಹುದಲ್ಲ ಎಂದರೆ, ಎರಡನೆಯ ಸಲದ ಕೂಲಿ ಒಂದು ಕಡೆಗಿರಲಿ, ಹಿಂದೆ ಬಿದ್ದ ಸಸಿ ಮುಂದಿನದರ ನೆರಳಿನಲ್ಲಿ ಸೊರಗುತ್ತದೆ. ಹುಣಸೂರು, ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ಬೆಳೆಗಾರರಿಗೆ ಇದರ ಕಷ್ಟವನ್ನು ಹೇಳಬೇಕಾಗಿಲ್ಲ. ಎಲೆಗಳನ್ನು ಬುಡದಿಂದ ಮೇಲಕ್ಕೆ, ಮಾಗಿದಂತೆಲ್ಲ ಬಿಡಿಸಿ ಬ್ಯಾರನ್ನಿನಲ್ಲಿ ಹದಮಾಡುವವರಿಗೆ ಒಂದೇ ಸಾಲಿನಲ್ಲಿ ಒಂದು ಗಿಡ ಮಾಗಿ ಇನ್ನೊಂದು ಹಸಿರಾಗಿ ನಿಂತರೆ ಒಂದು ಬ್ಯಾರನ್ನಿನ ಸರಕೇ ಕೆಡುವ ಸಂಭವವುಂಟು.

ಈಗ ಅನೇಕ ಊರುಗಳಲ್ಲಿ ನಡೆಯುವ ಕ್ರಮವೇನೆಂದರೆ: ಒಬ್ಬ ಗಂಡಾಳು ಉದ್ದನೆಯ ಕೋಲನ್ನು ಹಿಡಿದು, ನಿಂತೇ ನೆಲಕ್ಕೆ ಚುಚ್ಚುತ್ತ, ಸಾಲುದ್ದಕ್ಕೂ ಕುಳಿ ಮಾಡಿಕೊಂಡು ಹೋಗುತ್ತಾನೆ. ಹೆಣ್ಣಾಳುಗಳು ಹಿಂದಿನಿಂದ ಬಾಗಿ ಸಸಿಯನ್ನು ಕುಳಿಯಲ್ಲಿಟ್ಟು, ಬಾಯಿಯ ಮಣ್ಣನ್ನು ಎರಡು ಬೆರಳಿನಿಂದ ಅದುಮಿ ಮುಂದಕ್ಕೆ ನಡೆಯುತ್ತಾರೆ. ನೋಡುವುದಕ್ಕೆ ಕೆಲಸ ಚುರುಕಾಗಿದೆ. ಇದರಲ್ಲಿ ಎರಡು ತಪ್ಪುಗಳಿವೆ. ಕುಳಿ ಮಾಡುವವನು ಎಷ್ಟೋ ಮುಂದೆ ಹೋಗುವುದರಿಂದ ಸಸಿ ಬರುವ ವೇಳೆಗೆ ಕುಳಿಯ ಒಳಮೈ ಗಾಳಿಗೆ ಆರಿಹೋಗಿರುತ್ತದೆ. ಇದಕ್ಕಿಂತ ದೊಡ್ಡ ತಪ್ಪು, ಬೆರಳಿನಿಂದ ಅದುಮಿದ ಮಣ್ಣು ಕುಳಿಯ ಬಾಯಿಯನ್ನು ಮಾತ್ರ ಮುಚ್ಚುತ್ತದೆ, ತಳವನ್ನು ಮುಟ್ಟುವುದಿಲ್ಲ. ಸಸಿಯ ಬೇರು ಮುಚ್ಚಳವಿಟ್ಟ ಪಾತ್ರೆಯೊಳಗೆ ತೂಗಿಬಿಟ್ಟಂತೆ ಪೊಳ್ಳಿನಲ್ಲಿ ನೇತಾಡುತ್ತಿರುತ್ತದೆ. ಮಣ್ಣನ್ನು ಮುಟ್ಟದ ಬೇರು ನೀರನ್ನು ಕುಡಿಯಲಾರದು. ಸುತ್ತಲೂ ಹದವಾದ ನೆಲವಿದ್ದರೂ ಸಸಿ ಬಾಯಾರಿ ಸಾಯುತ್ತದೆ.

ಹೀಗೆ ಸತ್ತ ಸಸಿಗೆ ರೈತರು ಹೇಳುವ ಕಾರಣಗಳು ಹಲವು: ಬಿಸಿಲು ಹೆಚ್ಚಾಯಿತು, ಬೀಜ ಸರಿಯಿಲ್ಲ, ಹುಳು ಬಿತ್ತು, ಆಳುಗಳ ಕೈಗುಣ ಒಳ್ಳೆಯದಲ್ಲ. ನಿಜವಾದ ಕಾರಣವನ್ನು ತಿಳಿಯುವುದಕ್ಕೆ ಯಾವ ಪ್ರಯೋಗಶಾಲೆಯೂ ಬೇಕಾಗಿಲ್ಲ. ಬಾಡಿದ ಸಸಿಯ ಒಂದು ಪಕ್ಕದಲ್ಲಿ ಕುರುಪಿಯಿಂದ ನೆಲವನ್ನು ನೆಟ್ಟಗೆ ಕಡಿದು, ಬೇರನ್ನು ಅಲುಗಿಸದೆ ಮಣ್ಣನ್ನು ಬಿಡಿಸಿ ನೋಡತಕ್ಕದ್ದು. ಕಾಂಡವು ನೆಲಮಟ್ಟದಲ್ಲಿ ಕತ್ತರಿಸಿ ಬಿದ್ದಿದ್ದರೆ ಅದು ರಾತ್ರಿ ಹೊತ್ತು ಮೇಯುವ ಹುಳುವಿನ ಕೆಲಸ. ಬುಡವು ಕಪ್ಪಾಗಿ ಮೆತ್ತಗಾಗಿದ್ದರೆ ಕೊಳೆರೋಗ. ಕಾಂಡವೂ ಬುಡವೂ ಗಟ್ಟಿಯಾಗಿದ್ದು, ಬೇರಿನ ಸುತ್ತ ಬೆರಳು ತೂರುವಷ್ಟು ಟೊಳ್ಳು ಕಂಡುಬಂದು, ಹೊಸ ಬೇರಿನ ಗುರುತೇ ಇಲ್ಲದಿದ್ದರೆ ಅದು ಗೂಟದ ತಪ್ಪು. ಕೆಲವು ಕಡೆ ತಾಯಿಬೇರು ಕುಡುಗೋಲಿನಂತೆ ಮೇಲಕ್ಕೆ ಬಾಗಿರುವುದೂ ಕಾಣುತ್ತದೆ. ಕುಳಿ ಆಳ ಸಾಲದೆ ಸಸಿಯನ್ನು ತುರುಕಿದುದರ ಫಲವದು. ಅಂತಹ ಗಿಡ ಕೂಡಲೆ ಸಾಯದಿದ್ದರೂ ಮುಂದೆ ಮಳೆ ತಪ್ಪಿದ ದಿನಗಳಲ್ಲಿ ಎಲ್ಲಕ್ಕಿಂತ ಮೊದಲು ಬಾಡುತ್ತದೆ.

ಗೂಟದಿಂದ ನೆಲವನ್ನು ಚುಚ್ಚಿ ಬೆಳೆಯಿಡುವುದು ನೇಗಿಲಿಗಿಂತಲೂ ಹಳೆಯ ಪದ್ಧತಿ. ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದಲ್ಲಿ 18ನೆಯ ಶತಮಾನದ ಕೊನೆಯ ಭಾಗದಲ್ಲಿ ಗೋಧಿಯನ್ನೇ ಹೀಗೆ ಬಿತ್ತುತ್ತಿದ್ದರು. ಆಳು ಎರಡು ಕೈಗಳಲ್ಲಿಯೂ ಒಂದೊಂದು ಕಬ್ಬಿಣದ ಗೂಟವನ್ನು ಹಿಡಿದು ಹಿಮ್ಮುಖವಾಗಿ ನಡೆಯುತ್ತ ಕುಳಿ ಮಾಡುತ್ತಿದ್ದನು. ಮಕ್ಕಳು ಅವನನ್ನು ಅನುಸರಿಸಿ ಕಾಳು ಹಾಕುತ್ತಿದ್ದರು. ಬೀಜ ಮಿಗುತ್ತಿತ್ತೆಂಬುದು ಅದರ ಲಾಭ. ಆದರೆ ಕಾಳಿನ ಮಾತು ಬೇರೆ, ಸಸಿಯ ಮಾತು ಬೇರೆ. ಕಾಳು ಕುಳಿಯ ತಳಕ್ಕೆ ತಾನಾಗಿ ಬಿದ್ದು ಮಣ್ಣನ್ನು ಮುಟ್ಟುತ್ತದೆ. ಸಸಿಯ ಬೇರಿಗೆ ಮಣ್ಣನ್ನು ನಾವೇ ಮುಟ್ಟಿಸಬೇಕು.

ಒಳ್ಳೆಯ ಗೂಟಕ್ಕೆ ಹೆಚ್ಚು ವೆಚ್ಚವಿಲ್ಲ. ಮುರಿದ ಗುದ್ದಲಿಯ ಕಾವು ಇದಕ್ಕೆ ಬಹಳ ಅನುಕೂಲ. ವರ್ಷಗಟ್ಟಲೆ ಕೈಯಾಡಿ ನುಣುಪಾಗಿರುವುದರಿಂದ ಅಂಗೈ ಬೊಬ್ಬೆಯೇಳುವುದಿಲ್ಲ. ಇಲ್ಲದಿದ್ದರೆ ಜಾಲಿಯ ಅಥವಾ ಹುಣಸೆಯ ಒಣಗಿದ ಕೊಂಬೆಯಾಗಬಹುದು. ಉದ್ದ 10ರಿಂದ 12 ಅಂಗುಲ, ದಪ್ಪ ಒಂದೂಕಾಲರಿಂದ ಒಂದೂವರೆ ಅಂಗುಲ ಇದ್ದರೆ ಸಾಕು. ಮೇಲ್ತುದಿಯಲ್ಲಿ ಅಡ್ಡಹಿಡಿ ಇರಬೇಕು. ಕೊಂಬೆಯೇ ಕವಲೊಡೆದು ಬಾಗಿದ್ದರೆ ಬೇರೆ ಹಿಡಿ ಬೇಕಾಗಿಲ್ಲ. ಹಿಡಿಯಿಲ್ಲದ ಗೂಟವನ್ನು ದಿನವೆಲ್ಲ ಅಂಗೈಯಿಂದ ಒತ್ತುವವರ ಕೈ ಸಂಜೆಗೆ ಅನ್ನ ಕಲಸುವುದಕ್ಕೂ ಬಾರದಂತಾಗುತ್ತದೆ.

ಮೊನೆಯ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಸೂಜಿಯಂತೆ ಚೂಪಾಗಿ ಕೆತ್ತಿದ ಗೂಟ ನೆಲಕ್ಕೆ ಸಲೀಸಾಗಿ ಇಳಿಯುವುದು ನಿಜ. ಆದರೆ ಅದು ಮಾಡುವ ಕುಳಿಯ ತಳವೂ ಸೂಜಿಯಂತೆಯೇ ಇಕ್ಕಟ್ಟಾಗಿರುವುದರಿಂದ ಬೇರು ಅಲ್ಲಿಯವರೆಗೆ ಹೋಗದೆ ನಡುವೆಯೇ ನಿಲ್ಲುತ್ತದೆ, ಕೆಳಗೆ ಪೊಳ್ಳು ಉಳಿಯುತ್ತದೆ. ಮೊನೆಯು ಹೆಬ್ಬೆರಳಿನ ತುದಿಯಂತೆ ದುಂಡಾಗಿರಬೇಕು. ಕೆಮ್ಮಣ್ಣಿನಲ್ಲಿ ನೊರಜುಗಲ್ಲು ಇದ್ದರೆ ಮರದ ಮೊನೆ ಬೇಗನೆ ಸೀಳುವುದರಿಂದ ಊರಿನ ಕಮ್ಮಾರನಿಂದ ಕಬ್ಬಿಣದ ತಗಡಿನ ಕುಪ್ಪಿಗೆಯನ್ನು ಹಾಕಿಸಬಹುದು. ಆಗಲೂ ತುದಿ ದುಂಡಾಗಿರಲೆಂದು ಹೇಳಿ ಮಾಡಿಸತಕ್ಕದ್ದು, ಇಲ್ಲವಾದರೆ ಕಮ್ಮಾರನು ಅಭ್ಯಾಸಬಲದಿಂದ ಈಟಿಯನ್ನೇ ಮಾಡಿಕೊಡುತ್ತಾನೆ. ಮೊನೆಯಿಂದ ನಾಲ್ಕು ಅಂಗುಲ ಮೇಲೆ ಸುತ್ತಲೂ ಒಂದು ಗೆರೆಯನ್ನು ಕೊರೆದರೆ ಕುಳಿಯ ಆಳಕ್ಕೆ ಅದೇ ಅಳತೆ.

ಇನ್ನು ನೆಡುವ ಕ್ರಮ. ನಾಟಿಗೆ ಮೋಡ ಕವಿದ ದಿನ ಅಥವಾ ಇಳಿಹೊತ್ತು ಉತ್ತಮ. ಹೊಗೆಸೊಪ್ಪಿನ ನಾಟಿ ಕೃತ್ತಿಕೆ ರೋಹಿಣಿಗಳ ಮಳೆಯನ್ನು ನಂಬಿದುದಾದುದರಿಂದ ಮಳೆ ಬಿದ್ದ ಮಾರನೆಯ ದಿನ ಎಲ್ಲರಿಗೂ ಆತುರವಿರುವುದು ಸಹಜವೇ. ಆದರೂ ಪಾತಿಗೆ ಮುಂಚಿತವಾಗಿ ನೀರು ಹಾಯಿಸಿ, ಎಳೆಬೇರು ಹರಿಯದಂತೆ ಸಸಿಗಳನ್ನು ಎಬ್ಬಿಸುವುದನ್ನು ಬಿಡಬಾರದು. ಗೂಟವನ್ನು ಗೆರೆಯವರೆಗೆ ನೆಟ್ಟಗೆ ಇಳಿಸಿ, ಸ್ವಲ್ಪ ತಿರುಗಿಸಿ ಹೊರಕ್ಕೆ ತೆಗೆದ ಕೂಡಲೆ ಎಡಗೈಯಲ್ಲಿರುವ ಸಸಿಯನ್ನು ಕುಳಿಯೊಳಗೆ ಬೇಕಾದುದಕ್ಕಿಂತ ಅರ್ಧ ಅಂಗುಲ ಹೆಚ್ಚು ಆಳಕ್ಕೆ ಬಿಡತಕ್ಕದ್ದು. ಬಳಿಕ ಅದನ್ನು ಮೆಲ್ಲಗೆ ಮೇಲಕ್ಕೆ ಸೆಳೆದರೆ ಬಾಗಿದ ಬೇರುಗಳು ತಾವಾಗಿ ನೆಟ್ಟಗಾಗುತ್ತವೆ.

ಮುಂದಿನದು ಈ ಕೆಲಸದ ಮರ್ಮ. ಸಸಿಯನ್ನು ಹಿಡಿದುಕೊಂಡಿರುವಾಗಲೇ, ಅದಕ್ಕೂ ತಮಗೂ ನಡುವೆ, ಸಸಿಯಿಂದ ಎರಡು ಅಂಗುಲ ಈಚೆಗೆ ಗೂಟವನ್ನು ಮತ್ತೊಮ್ಮೆ ಇಳಿಸಬೇಕು; ಈ ಸಲ ಮೊದಲಿನದಕ್ಕಿಂತ ತುಸು ಆಳಕ್ಕೆ. ಗೂಟದ ಹಿಡಿಯನ್ನು ತಮ್ಮ ಕಡೆಗೆ ಎಳೆದರೆ ನೆಲದೊಳಗಿನ ಮೊನೆ ಸಸಿಯ ಕಡೆಗೆ ಸರಿದು ಬೇರಿನ ತುದಿಗೆ ಮಣ್ಣನ್ನು ಒತ್ತುತ್ತದೆ. ಅನಂತರ ಹಿಡಿಯನ್ನು ಸಸಿಯ ಕಡೆಗೆ ನೂಕಿದರೆ ಮೇಲಿನ ಮಣ್ಣು ಕಾಂಡಕ್ಕೆ ಒತ್ತುತ್ತದೆ. ಮೊದಲು ತಳ, ಆಮೇಲೆ ಬಾಯಿ. ಈ ಅನುಕ್ರಮ ತಪ್ಪಿದರೆ ಬಾಯಿ ಮುಚ್ಚಿ ತಳ ಪೊಳ್ಳಾಗಿಯೇ ಉಳಿಯುತ್ತದೆ. ಉಳಿದ ಎರಡನೆಯ ಕುಳಿ ವ್ಯರ್ಥವಲ್ಲ. ಸಸಿಗೆ ಕೊಡುವ ನೀರನ್ನು ಅದಕ್ಕೇ ಹೊಯ್ದರೆ ಮೇಲ್ಮಣ್ಣು ಹೆಪ್ಪುಗಟ್ಟದೆ ನೀರು ಬೇರಿನ ಬಳಿಗೇ ಸೇರುತ್ತದೆ. ನೀರು ಇಂಗಿದ ಮೇಲೆ ಒಣಮಣ್ಣನ್ನು ಎಳೆದು ಮುಚ್ಚತಕ್ಕದ್ದು.

ನಾಟಿ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸುವುದಕ್ಕೆ ಹಳೆಯ ತೋಟಗಾರರ ಒಂದು ಉಪಾಯವುಂಟು. ನೆಟ್ಟ ಸಸಿಯ ಒಂದು ಎಲೆಯ ತುದಿಯನ್ನು ಎರಡು ಬೆರಳಿನಿಂದ ಹಿಡಿದು ಎಳೆಯತಕ್ಕದ್ದು. ಎಲೆಯ ಚೂರು ಹರಿದು ಕೈಗೆ ಬಂದರೆ ನಾಟಿ ಸರಿಯಾಗಿದೆ. ಸಸಿಯೇ ಎದ್ದು ಬಂದರೆ ತಳ ಪೊಳ್ಳು. ಪ್ರತಿ ಸಾಲಿನಲ್ಲಿ ಎರಡು ಮೂರು ಸಸಿಗಳನ್ನು ಹೀಗೆ ನೋಡಿದರೆ ಸಾಕು.

ಈ ಗೂಟ ಎಲ್ಲ ನೆಲಕ್ಕೂ ಸಲ್ಲತಕ್ಕದ್ದಲ್ಲ. ಮರಳು ಬೆರೆತ ಕೆಂಪು ಭೂಮಿಯಲ್ಲಿ, ಚೆನ್ನಾಗಿ ಉತ್ತು ಪುಡಿಮಾಡಿದ್ದರೆ, ಇದರಷ್ಟು ಸುಲಭವಾದ ಸಾಧನ ಬೇರೊಂದಿಲ್ಲ. ಎರೆಭೂಮಿಯಲ್ಲಿ, ಅದರಲ್ಲಿಯೂ ಹದಕ್ಕಿಂತ ಹೆಚ್ಚು ಹಸಿಯಿರುವಾಗ, ಗೂಟವು ಕುಳಿಯ ಒಳಮೈಯನ್ನು ಕುಂಬಾರನು ಸವರಿದ ಮಡಕೆಯಂತೆ ನುಣುಪು ಮಾಡಿಬಿಡುತ್ತದೆ. ಎಳೆಬೇರು ಆ ಗೋಡೆಯನ್ನು ತೂರಲಾರದು. ಬಿಸಿಲು ಬಿದ್ದು ನೆಲ ಬಿರಿಯುವಾಗ ಬಿರುಕು ಈ ಕುಳಿಯ ಜಾಡಿನಲ್ಲೇ ತೆರೆದುಕೊಂಡು ಬೇರನ್ನು ಗಾಳಿಗೆ ಒಡ್ಡುವುದೂ ಉಂಟು. ಆದುದರಿಂದ ಹಾವೇರಿ, ಧಾರವಾಡದ ಕಡೆಯ ಕಪ್ಪು ನೆಲದಲ್ಲಿ ಮೆಣಸಿನ ಸಸಿಯನ್ನು ನೆಡುವವರು ಗೂಟವನ್ನು ಬಿಟ್ಟು ಕುರುಪಿಯಿಂದ ಮಣ್ಣನ್ನು ಬಿಡಿಸಿ ನೆಡುವುದೇ ಲೇಸು. ಗೂಟವೇ ಬೇಕೆಂದಾದರೆ ನೆಲ ಮುದ್ದೆಗಟ್ಟದಷ್ಟು ಆರುವವರೆಗೆ ಕಾಯಬೇಕು. ಹಿಡಿ ಮಣ್ಣನ್ನು ಒತ್ತಿ ಉಂಡೆ ಮಾಡಿ ಮೇಲಿನಿಂದ ಬಿಟ್ಟಾಗ ಅದು ಒಡೆದರೆ ಹದ ಬಂದಿತೆಂದು ತಿಳಿಯಬಹುದು. ಗದ್ದೆಯ ಭತ್ತಕ್ಕೂ ಕೆಸರಿನಲ್ಲಿ ನೆಡುವ ರಾಗಿ ಪೈರಿಗೂ ಬೆರಳೇ ಗೂಟ. ಅವುಗಳ ಮಾತು ಇಲ್ಲಿ ಅಪ್ರಸ್ತುತ.

ಈಚಿನ ವರ್ಷಗಳಲ್ಲಿ ಪ್ಲಾಸ್ಟಿಕ್ ಟ್ರೇಗಳ ಕುಳಿಗಳಲ್ಲಿ ತೆಂಗಿನ ನಾರಿನ ಪುಡಿಯನ್ನು ತುಂಬಿ ಬೆಳೆಸಿದ ಸಸಿಗಳು ಎಲ್ಲ ಕಡೆಗಳಲ್ಲಿಯೂ ಬಳಕೆಗೆ ಬಂದಿವೆ. ಇವುಗಳ ಬೇರು ಹರಿಯದೆ ಉಂಡೆಯೊಡನೆ ಬರುವುದರಿಂದ ಬಹಳ ಅನುಕೂಲವೇ ಸರಿ. ಆದರೆ ಟ್ರೇಸಸಿ ಸಾಯುವುದೇ ಇಲ್ಲವೆಂಬ ನಂಬಿಕೆ ಬೇಡ. ಗೂಟದ ಕುಳಿ ಉಂಡೆಗಿಂತ ಅಗಲವಾದರೆ ಸುತ್ತಲೂ ಸಂದು ಉಳಿಯುತ್ತದೆ. ಟ್ರೇಯ ಕುಳಿಯ ಆಕಾರಕ್ಕೇ ಗೂಟದ ತುದಿಯನ್ನು ಕೆತ್ತಿಸಿಕೊಂಡರೆ ಉಂಡೆ ಅದರೊಳಗೆ ಸರಿಯಾಗಿ ಕೂರುತ್ತದೆ. ಇನ್ನೊಂದು ವಿಷಯ: ಉಂಡೆಯ ನೆತ್ತಿ ನೆಲದ ಮೇಲೆ ಕಾಣುತ್ತಿದ್ದರೆ ನಾರಿನ ಪುಡಿಯು ದೀಪದ ಬತ್ತಿಯಂತೆ ಒಳಗಿನ ನೀರನ್ನು ಮೇಲಕ್ಕೆಳೆದು ಗಾಳಿಗೆ ಬಿಡುತ್ತದೆ. ನೆತ್ತಿಯ ಮೇಲೆ ಅರ್ಧ ಅಂಗುಲ ಮಣ್ಣು ಮುಚ್ಚಿರಲೇಬೇಕು.

ಇಂತಹ ಉಂಡೆಸಸಿಗಳಿಗಾಗಿಯೇ ನಿಂತು ನೆಡುವ ಒಂದು ಕೊಳವೆ ಬಂದಿದೆ. ಫಿನ್‌ಲೆಂಡ್ ದೇಶದಲ್ಲಿ 1970ರ ದಶಕದಲ್ಲಿ ಅರಣ್ಯದ ಸಸಿಗಳನ್ನು ನೆಡುವುದಕ್ಕೆಂದು ಇದು ಬಳಕೆಗೆ ಬಂದಿತು. ಸೊಂಟದೆತ್ತರದ ಲೋಹದ ಕೊಳವೆ. ಕೆಳತುದಿಯಲ್ಲಿ ಹಕ್ಕಿಯ ಕೊಕ್ಕಿನಂತೆ ತೆರೆದು ಮುಚ್ಚುವ ಎರಡು ದವಡೆ. ಕೊಕ್ಕನ್ನು ನೆಲಕ್ಕೆ ಊರಿ, ಸಸಿಯನ್ನು ಕೊಳವೆಯೊಳಗೆ ಬಿಟ್ಟು, ಕಾಲಿನಿಂದ ಮೆಟ್ಟನ್ನು ತುಳಿದರೆ ಕೊಕ್ಕು ತೆರೆದು ಸಸಿ ನೆಲದೊಳಗೆ ನಿಲ್ಲುತ್ತದೆ. ಇದೇ ಮಾದರಿಯವು ಈಗ ನಮ್ಮ ಅಂಗಡಿಗಳಲ್ಲಿಯೂ ದೊರೆಯುತ್ತವೆ. ಎಕರೆಗಟ್ಟಲೆ ಟೊಮೆಟೊ ನೆಡುವವರು, ಪ್ಲಾಸ್ಟಿಕ್ ಹೊದಿಕೆಯ ಮೇಲೆ ನೆಡುವವರು ಇದನ್ನು ಕೊಳ್ಳುವುದು ಯುಕ್ತ. ಏಳು ಸಾವಿರ ಸಲ ಬಾಗಿ ಏಳುವ ಸೊಂಟಕ್ಕೆ ಇದರಿಂದಾಗುವ ಉಪಕಾರ ಸಣ್ಣದಲ್ಲ. ಪಾತಿಯಿಂದ ಕಿತ್ತ ಬರಿಬೇರಿನ ಸಸಿಗೆ ಮಾತ್ರ ಇದು ಒಗ್ಗುವುದಿಲ್ಲ, ಅಂಟುಮಣ್ಣಿನಲ್ಲಿ ಕೊಕ್ಕು ಕಟ್ಟಿಕೊಳ್ಳುತ್ತದೆ. ಮತ್ತು ಕೊಳವೆ ಸಸಿಯನ್ನು ಇಡುತ್ತದೆಯೇ ಹೊರತು ಮಣ್ಣನ್ನು ಒತ್ತುವುದಿಲ್ಲ. ಪಕ್ಕದಲ್ಲಿ ಕಾಲಿನಿಂದ ಒತ್ತುವ ಕೆಲಸ ಆಳಿಗೇ ಉಳಿಯುತ್ತದೆ. ಅರ್ಧ ಎಕರೆಯವರಿಗೆ ಗುದ್ದಲಿಯ ಕಾವೇ ಸಾಕು.

ಜಮೀನುದಾರರು ಯೋಚಿಸಬೇಕಾದ ಇನ್ನೊಂದು ಸಂಗತಿಯಿದೆ. ಸಾವಿರ ಸಸಿಗೆ ಇಷ್ಟೆಂದು ಗುತ್ತಿಗೆ ಮಾತಾಡಿ ನೆಡಿಸುವ ಕಡೆಗಳಲ್ಲಿ ಎರಡನೆಯ ಸಲ ಗೂಟವೂರುವ ಕೆಲಸ ನಡೆಯುವುದಿಲ್ಲ. ಹಾಗೆ ಮಾಡುವ ಹೆಣ್ಣಾಳಿಗೆ ಅಂದಿನ ಕೂಲಿಯಲ್ಲಿ ಖೋತಾ ಬೀಳುತ್ತದೆ. ಸಸಿ ಸತ್ತ ಮೇಲೆ ಅವಳನ್ನು ದೂಷಿಸುವುದೂ ಕೂಲಿಯನ್ನು ಹಿಡಿಯುವುದೂ ನ್ಯಾಯವಲ್ಲ. ಬೇಗ ಮುಗಿಸೆಂದು ಕೇಳಿದವರು ಮಾಲೀಕರೇ. ಇದರ ಬದಲು ನಾಟಿಯನ್ನು ದಿನಗೂಲಿಯ ಮೇಲೆ ಮಾಡಿಸಿ, ಪ್ರತಿಯೊಬ್ಬರ ಕೈಗೂ ಸರಿಯಾದ ಒಂದು ಗೂಟವನ್ನು ಕೊಟ್ಟು, ಕುಳಿ ಮಾಡುವವರೇ ಸಸಿಯನ್ನೂ ನೆಟ್ಟು ಒತ್ತುವಂತೆ ಏರ್ಪಡಿಸಿದರೆ ಮೊದಲನೆಯ ದಿನ ಕೆಲಸ ನಿಧಾನವಾದೀತು. ಕೈ ಪಳಗಿದ ಮೇಲೆ ಅಷ್ಟು ಹಿಂದೆ ಬೀಳುವುದಿಲ್ಲ. ಇಬ್ಬರಾಗಿಯೇ ಮಾಡಬೇಕಾದಲ್ಲಿ ಕುಳಿಯವನು ನಾಲ್ಕು ಸಸಿಗಿಂತ ಮುಂದೆ ಹೋಗದಂತೆ ನೋಡಿಕೊಳ್ಳತಕ್ಕದ್ದು.

ಎಷ್ಟು ಎಚ್ಚರದಿಂದ ನೆಟ್ಟರೂ ಹುಳುವಿನಿಂದಲೋ ಗಾಳಿಯಿಂದಲೋ ಕೆಲವು ಸಸಿಗಳು ಹೋಗತಕ್ಕವೇ. ಅದಕ್ಕಾಗಿ ಹೊಲದ ಒಂದು ಮೂಲೆಯಲ್ಲಿ ಅದೇ ಪಾತಿಯ ನೂರಿನ್ನೂರು ಸಸಿಗಳನ್ನು ಒತ್ತೊತ್ತಾಗಿ ನೆಟ್ಟು ನೀರು ಕೊಡುತ್ತಿರಬೇಕು. ತೆರಪು ಬಿದ್ದುದನ್ನು ಎಂಟು ಹತ್ತು ದಿನಗಳೊಳಗೆ ಈ ಸಸಿಗಳಿಂದ, ಮಣ್ಣಿನ ಹೆಂಟೆಯೊಡನೆ ಕುರುಪಿಯಿಂದ ಎತ್ತಿ, ತುಂಬಬಹುದು. ಗೂಟದ ಕುಳಿ ಅಂತಹ ಹೆಂಟೆಗೆ ಸಾಲದು.